ಹಿಮ ಹಿಂಡಿದ ನೀರು: ಕೊಳಚೆ ರಾಡಿಯ ಸಂಸ್ಕರಣೆ ಮತ್ತು ಜನಪದ ತಿಳಿವಳಿಕೆ

ಹೆಪ್ಪುಗಟ್ಟಿಸಿ ಕರಗಿಸುವ ಮೂಲಕ ವಸ್ತುವಿನಲ್ಲಿ ಅಡಗಿದ ನೀರನ್ನು ಹೊರಗೆಡಹುವ ಕ್ರಮ ಪ್ರಯೋಗಾಲಯದಲ್ಲಿ ಹುಟ್ಟಿದುದಲ್ಲ. ದಕ್ಷಿಣ ಅಮೆರಿಕದ ಆಂಡೀಸ್ ಪ್ರಸ್ಥಭೂಮಿಯ ಕೆಚುವಾ ಮತ್ತು ಐಮಾರಾ ಜನರು ಜೂನ್-ಜುಲೈ ತಿಂಗಳ ರಾತ್ರಿಗಳಲ್ಲಿ ಆಲೂಗಡ್ಡೆಯನ್ನು ಬಯಲಿನಲ್ಲಿ ಹರಡಿ ಹಿಮಕ್ಕೊಡ್ಡುತ್ತಾರೆ. ಹಗಲಿನಲ್ಲಿ ಕರಗಿದಾಗ ಬರಿಗಾಲಿನಿಂದ ತುಳಿದು ನೀರು ಹಿಂಡುತ್ತಾರೆ. ವರ್ಷಗಟ್ಟಲೆ ಕೆಡದ ಈ ಒಣಗಡ್ಡೆಗೆ ‘ಚುನ್ಯೊ’ ಎಂದು ಹೆಸರು. ಜಪಾನಿನ ‘ಕಾಂತೆನ್’ ಕೂಡ ಇದೇ ಬಗೆಯದು. 1658ರ ಸುಮಾರಿಗೆ ಕ್ಯೋಟೋ ಸಮೀಪದ ಫುಶಿಮಿಯಲ್ಲಿ ಛತ್ರದ ಯಜಮಾನ ಮಿನೊ ತರೊಜಯೆಮೊನ್ ಹೊರಗೆಸೆದ ಕಡಲಪಾಚಿಯ ಲೋಳೆಯು ಇರುಳು ಹೆಪ್ಪುಗಟ್ಟಿ, ಹಗಲು ಕರಗಿ, ಒಣಗಿ ಉಳಿಯಿತೆಂಬ ಐತಿಹ್ಯವಿದೆ. ಎಸೆದದ್ದೇ ಸಂಪತ್ತಾಗುವ ಈ ಆಶಯವನ್ನು ಚರಿತ್ರೆಯೆಂದು ಓದುವುದಕ್ಕಿಂತ, ಸಮುದಾಯವೊಂದು ತನ್ನ ದೀರ್ಘ ಅವಲೋಕನವನ್ನು ಒಬ್ಬನ ಹೆಸರಿನಲ್ಲಿ ಕಾಪಿಟ್ಟುಕೊಂಡ ಬಗೆಯೆಂದು ಓದುವುದು ಸೂಕ್ತ.

ಕೊಳಚೆನೀರಿನ ಶುದ್ಧೀಕರಣದಲ್ಲಿ ಉಳಿಯುವ ರಾಡಿಯ ಸಮಸ್ಯೆಯೂ ನೀರಿನದೇ. ತೂಕದಲ್ಲಿ ಸಾಮಾನ್ಯವಾಗಿ ಶೇ. 95ಕ್ಕೂ ಮಿಗಿಲಾಗಿ ನೀರಿರುವ ಈ ರಾಡಿ, ಸೂಕ್ಷ್ಮಜೀವಿಗಳು ಸ್ರವಿಸಿದ ಅಂಟಿನಿಂದಾಗಿ ಅದನ್ನು ಸುಲಭವಾಗಿ ಬಿಟ್ಟುಕೊಡದು. ಸಾಗಾಣಿಕೆಯ ವೆಚ್ಚವೆಂದರೆ ಬಹುಪಾಲು ನೀರು ಹೊತ್ತ ವೆಚ್ಚವೇ. ರಾಡಿ ಮೆಲ್ಲನೆ ಹೆಪ್ಪುಗಟ್ಟುವಾಗ ಬೆಳೆಯುವ ಹಿಮಹರಳು ನೀರಿನ ಅಣುಗಳನ್ನು ಮಾತ್ರ ಸೇರಿಸಿಕೊಂಡು ಘನಕಣಗಳನ್ನು ಬದಿಗೆ ತಳ್ಳುತ್ತದೆ. ಹರಳುಗಳ ನಡುವೆ ಸಿಕ್ಕಿ ಒತ್ತಲ್ಪಟ್ಟ ಕಣಗಳು ಕರಗಿದ ಮೇಲೂ ಹಳೆಯ ಲೋಳೆಯಾಗದೆ, ಕಾಫಿಯ ಚರಟದಂತೆ ತರಿತರಿಯಾಗಿ ಉಳಿಯುತ್ತವೆ, ನೀರು ಬಸಿದುಹೋಗುತ್ತದೆ. ಅವಸರದಲ್ಲಿ ಹೆಪ್ಪುಗಟ್ಟಿಸಿದರೆ ಹಿಮವು ಕಣಗಳನ್ನೂ ನುಂಗುವುದರಿಂದ ಫಲ ಕಡಿಮೆ. ಆಲೂಗಡ್ಡೆಯಲ್ಲಿ ಒಡೆಯುವುದು ಜೀವಕೋಶಗಳಾದ್ದರಿಂದ ಎರಡನ್ನೂ ಒಂದೇ ಎನ್ನಲಾಗದು. ನೀರನ್ನು ಹಿಡಿದಿಟ್ಟ ರಚನೆಯನ್ನು ಹಿಮದಿಂದಲೇ ಸಡಿಲಿಸಬಹುದೆಂಬ ತಿಳಿವು ಮಾತ್ರ ಸಮಾನವಾದುದು.

ಬ್ರಿಟನ್ನಿನ ಕ್ಲೆಮೆಂಟ್ಸ್, ಸ್ಟೀಫನ್‌ಸನ್ ಮತ್ತು ರೀಗನ್ 1950ರಲ್ಲಿ ಈ ವಿಧಾನವನ್ನು ಕೊಳಚೆ ರಾಡಿಗೆ ಅನ್ವಯಿಸಿ ಬರೆದರು. ಯಂತ್ರದಿಂದ ತಂಪುಗೊಳಿಸುವುದು ದುಬಾರಿಯಾದ್ದರಿಂದ ಗಮನ ನಿಸರ್ಗದ ಚಳಿಯತ್ತ ಹೊರಳಿತು. ಅಮೆರಿಕದ ಹ್ಯಾನೋವರ್‌ನಲ್ಲಿರುವ ಸೇನೆಯ ಶೀತಪ್ರದೇಶ ಸಂಶೋಧನಾಲಯದಲ್ಲಿ ಸಿ. ಜೇಮ್ಸ್ ಮಾರ್ಟೆಲ್ 1980ರ ದಶಕದಲ್ಲಿ, ರಾಡಿಯನ್ನು ಪದರಪದರವಾಗಿ ಹೆಪ್ಪುಗಟ್ಟಿಸುವ ಪಾತಿಗಳನ್ನು ಅಭ್ಯಸಿಸಿದರು. ಸುಮಾರು 8 ಸೆಂ.ಮೀ. ದಪ್ಪದ ಪದರ ಪೂರ್ತಿ ಹೆಪ್ಪುಗಟ್ಟಿದ ಮೇಲೆಯೇ ಮುಂದಿನ ಪದರ ಸುರಿಯುವುದು ಇಂತಹ ಪಾತಿಗಳ ರೂಢಿ. ಹಿಮ ಬಿದ್ದರೆ ಅದೇ ಕಂಬಳಿಯಂತೆ ಚಳಿಯನ್ನು ತಡೆಯುವುದರಿಂದ ಪಾತಿಗೆ ಮಾಡು ಬೇಕು. ಮೋಡವಿಲ್ಲದ ಇರುಳನ್ನು ಕಾಯುವ ಆಂಡೀಸಿನ ರೈತನ ಎಚ್ಚರ ಇದಕ್ಕಿಂತ ದೂರದ್ದಲ್ಲ.

ಬಸಿದ ನೀರಿನಲ್ಲಿ ಅಮೋನಿಯ ಮೊದಲಾದವು ಉಳಿಯುವುದರಿಂದ ಅದು ಮತ್ತೆ ಶುದ್ಧೀಕರಣಕ್ಕೆ ಹೋಗಲೇಬೇಕು. ರೋಗಾಣುಗಳೆಲ್ಲ ಸಾಯುವುದಿಲ್ಲ, ಜಂತುಹುಳುವಿನ ಮೊಟ್ಟೆಗಳು ಚಳಿಯನ್ನು ತಾಳಿಕೊಳ್ಳಬಲ್ಲವು. ಚಳಿಗಾಲ ಮೊಟಕಾದಷ್ಟೂ ಪಾತಿಗೆ ಸುರಿಯಬಹುದಾದ ಪದರಗಳು ಇಳಿಯುತ್ತವೆ, ಚುನ್ಯೊ ಮಾಡುವ ಇರುಳುಗಳೂ ಇಳಿಯುತ್ತವೆ.