ಹಣ ಕಳಿಸುವ ಮುನ್ನ: ಐಎಫ್‌ಎಸ್‌ಸಿ ಕೋಡ್ ಬಗ್ಗೆ ಪ್ರತಿ ಮನೆಯವರೂ ತಿಳಿದಿರಬೇಕಾದದ್ದು

ಪುಣೆಯಲ್ಲಿ ನೌಕರಿಯಲ್ಲಿರುವ ಮಗ ಮೂಡುಬಿದಿರೆಯಲ್ಲಿರುವ ತಾಯಿಗೆ ಔಷಧದ ಖರ್ಚಿಗೆ ಹಣ ಕಳಿಸಬೇಕು. ತಾಯಿ ಕಪಾಟಿನಿಂದ ಪಾಸ್‌ಬುಕ್ ತೆಗೆದು ಅದರಲ್ಲಿರುವ ಕೋಡ್ ಅನ್ನು ಫೋನಿನಲ್ಲಿ ಓದಿ ಹೇಳುತ್ತಾರೆ. ಮಗ ಅದನ್ನು ಮೊಬೈಲಿನಲ್ಲಿ ಹಾಕಿದರೆ ಇಂಥ ಕೋಡ್ ಇಲ್ಲ ಎಂದು ಬರುತ್ತದೆ. ಕಾರಣ ಇಷ್ಟೇ, ಆ ಪಾಸ್‌ಬುಕ್ ಸಿಂಡಿಕೇಟ್ ಬ್ಯಾಂಕಿನ ಕಾಲದ್ದು. ಆ ಬ್ಯಾಂಕು ಈಗ ಕೆನರಾ ಬ್ಯಾಂಕಿನಲ್ಲಿ ಸೇರಿಹೋಗಿದೆ.

ಇಲ್ಲಿ ಹಣ ಹೋಗಲಿಲ್ಲ, ಅಷ್ಟೇ. ಆದರೆ ಕೋಡ್ ಸರಿಯಿದ್ದು, ಖಾತೆ ಸಂಖ್ಯೆಯಲ್ಲಿ ಒಂದು ಅಂಕಿ ತಪ್ಪಿದ್ದರೆ ಹಣ ಬೇರೆ ಯಾರದೋ ಖಾತೆಗೆ ಹೋಗುವ ಸಾಧ್ಯತೆ ಇತ್ತು. ಎರಡೂ ತಪ್ಪುಗಳು ಒಂದೇ ರೀತಿಯವು ಎಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಕೋಡ್ ಏನು ಮಾಡುತ್ತದೆ, ಖಾತೆ ಸಂಖ್ಯೆ ಏನು ಮಾಡುತ್ತದೆ ಎಂಬುದು ತಿಳಿದರೆ ನಷ್ಟದಿಂದ ಪಾರಾಗಬಹುದು.

ಕೋಡ್‌ನಲ್ಲಿ ಏನಿದೆ?

ಐಎಫ್‌ಎಸ್‌ಸಿ ಎಂದರೆ ಇಂಡಿಯನ್ ಫೈನಾನ್ಷಿಯಲ್ ಸಿಸ್ಟಮ್ ಕೋಡ್. ಇದರಲ್ಲಿ ಒಟ್ಟು 11 ಅಕ್ಷರ ಮತ್ತು ಅಂಕಿಗಳಿರುತ್ತವೆ. ಮೊದಲ ನಾಲ್ಕು ಇಂಗ್ಲಿಷ್ ಅಕ್ಷರಗಳು ಬ್ಯಾಂಕಿನ ಗುರುತು. ಕೆನರಾ ಬ್ಯಾಂಕಿಗೆ ಸಿ-ಎನ್-ಆರ್-ಬಿ, ಕರ್ಣಾಟಕ ಬ್ಯಾಂಕಿಗೆ ಕೆ-ಎ-ಆರ್-ಬಿ, ಸ್ಟೇಟ್ ಬ್ಯಾಂಕಿಗೆ ಎಸ್-ಬಿ-ಐ-ಎನ್. ಐದನೆಯದು ಯಾವಾಗಲೂ ಸೊನ್ನೆ. ಮುಂದೆ ಬೇಕಾದೀತು ಎಂದು ಆ ಜಾಗವನ್ನು ಕಾಯ್ದಿರಿಸಿದ್ದಾರೆ. ಉಳಿದ ಆರು ಶಾಖೆಯ ಗುರುತು.

ಹೆಚ್ಚು ತಪ್ಪು ಆಗುವುದು ಆ ಐದನೆಯ ಜಾಗದಲ್ಲಿಯೇ. ಸೊನ್ನೆಯನ್ನು ಇಂಗ್ಲಿಷಿನ ‘ಓ’ ಅಕ್ಷರ ಎಂದು ಓದಿ ಹಾಗೆಯೇ ಒತ್ತುತ್ತಾರೆ. ಐದನೆಯದು ಸೊನ್ನೆ ಎಂದು ಒಮ್ಮೆ ನೆನಪಿಟ್ಟುಕೊಂಡರೆ ಈ ತೊಂದರೆ ಇಲ್ಲ. ಕೊನೆಯ ಆರು ಸಾಮಾನ್ಯವಾಗಿ ಅಂಕಿಗಳು. ಆದರೆ ಬ್ಯಾಂಕ್ ಆಫ್ ಬರೋಡಾದಂಥ ಕಡೆ ಅಲ್ಲಿಯೂ ಅಕ್ಷರಗಳಿರುತ್ತವೆ. ಅದನ್ನು ಕಂಡು ತಪ್ಪೆಂದು ತಿದ್ದಲು ಹೋಗಬಾರದು.

ಚೆಕ್ಕಿನ ಕೆಳಗೆ ಇನ್ನೊಂದು 9 ಅಂಕಿಯ ಸಂಖ್ಯೆ ಇರುತ್ತದೆ. ಅದು ಎಂಐಸಿಆರ್ ಕೋಡ್. ಮೊದಲ ಮೂರು ಅಂಕಿ ಊರು (ಬೆಂಗಳೂರಿಗೆ 560, ಮಂಗಳೂರಿಗೆ 575), ನಡುವಿನ ಮೂರು ಬ್ಯಾಂಕು, ಕೊನೆಯ ಮೂರು ಶಾಖೆ. ಅದು ಚೆಕ್ ವಿಂಗಡಣೆಗೆ ಇರುವುದು. ನೆಫ್ಟ್, ಆರ್‌ಟಿಜಿಎಸ್‌ಗೆ ಅದನ್ನು ಬರೆದರೆ ಪ್ರಯೋಜನವಿಲ್ಲ.

ಹಣ ಹೋಗುವುದು ಹೇಗೆ?

ಕೋಡ್ ಹಣವನ್ನು ಬ್ಯಾಂಕಿನ ಬಾಗಿಲವರೆಗೆ ಮುಟ್ಟಿಸುತ್ತದೆ. ಒಳಗೆ ಯಾರ ಖಾತೆಗೆ ಎಂದು ತೀರ್ಮಾನಿಸುವುದು ಖಾತೆ ಸಂಖ್ಯೆ. ಹಣ ಪಡೆಯುವವರ ಹೆಸರನ್ನು ನಾವು ಬರೆದರೂ, ಖಾತೆ ಸಂಖ್ಯೆಯ ಆಧಾರದ ಮೇಲೆಯೇ ಜಮೆ ಮಾಡಬಹುದು ಎಂದು ರಿಸರ್ವ್ ಬ್ಯಾಂಕು 2010ರಲ್ಲಿಯೇ ಬ್ಯಾಂಕುಗಳಿಗೆ ತಿಳಿಸಿದೆ. ಸಂಖ್ಯೆ ಸರಿಯಾಗಿ ಕೊಡುವ ಹೊಣೆ ಕಳಿಸುವವರದು. ಆದ್ದರಿಂದ ‘ಹೆಸರು ಸರಿ ಬರೆದಿದ್ದೆ, ಆದರೂ ಬೇರೆಯವರಿಗೆ ಹೋಯಿತು’ ಎಂದರೆ ಬ್ಯಾಂಕಿನವರು ಒಪ್ಪುವುದಿಲ್ಲ.

ಇದನ್ನು ಹೀಗೆ ತಿಳಿಯಬಹುದು. ಅಸ್ತಿತ್ವದಲ್ಲಿಲ್ಲದ ಕೋಡ್ ಹಾಕಿದರೆ ವ್ಯವಹಾರ ಅಲ್ಲಿಯೇ ನಿಲ್ಲುತ್ತದೆ. ಇಲ್ಲದ ಖಾತೆ ಸಂಖ್ಯೆ ಹಾಕಿದರೆ ಹಣ ಹೋಗಿ ಹಿಂದಿರುಗುತ್ತದೆ. ಬೇರೆಯವರ ಖಾತೆ ಸಂಖ್ಯೆ ಬಿದ್ದರೆ ಮಾತ್ರ ಹಣ ಹೋಗಿ ಅಲ್ಲಿಯೇ ಕೂರುತ್ತದೆ. ಹೆಚ್ಚು ಎಚ್ಚರ ಬೇಕಾದದ್ದು ಈ ಮೂರನೆಯದಕ್ಕೆ.

ಇದಕ್ಕೆ ಈಗ ಒಂದು ಒಳ್ಳೆಯ ಪರಿಹಾರ ಬಂದಿದೆ. ಖಾತೆ ಸಂಖ್ಯೆ ಮತ್ತು ಐಎಫ್‌ಎಸ್‌ಸಿ ಹಾಕಿದ ಕೂಡಲೇ ಆ ಖಾತೆ ಯಾರ ಹೆಸರಿನಲ್ಲಿದೆ ಎಂದು ತೋರಿಸುವ ಸೌಲಭ್ಯವನ್ನು ನೆಫ್ಟ್ ಮತ್ತು ಆರ್‌ಟಿಜಿಎಸ್‌ಗೂ 2025ರ ಏಪ್ರಿಲ್ 1ರೊಳಗೆ ಕೊಡಬೇಕೆಂದು ರಿಸರ್ವ್ ಬ್ಯಾಂಕು ಆದೇಶಿಸಿತ್ತು. ಇದಕ್ಕೆ ಶುಲ್ಕವಿಲ್ಲ. ಶಾಖೆಗೆ ಹೋಗಿ ಚಲನ್ ತುಂಬುವವರೂ ಕೌಂಟರಿನಲ್ಲಿ ಹೆಸರು ನೋಡಿ ಹೇಳುವಂತೆ ಕೇಳಬಹುದು. ಹೆಸರು ಹೊಂದದಿದ್ದರೆ ಎಷ್ಟೇ ಅವಸರವಿದ್ದರೂ ಹಣ ಕಳಿಸಬಾರದು.

ಯಾವ ದಾರಿಯಲ್ಲಿ ಕಳಿಸಬೇಕು?

ನೆಫ್ಟ್: 2005ರಲ್ಲಿ ಆರಂಭವಾಯಿತು. 2019ರ ಡಿಸೆಂಬರ್ 16ರಿಂದ ಭಾನುವಾರ, ಹಬ್ಬ ಎನ್ನದೆ ದಿನದ 24 ಗಂಟೆಯೂ ನಡೆಯುತ್ತಿದೆ. ಅರ್ಧ ಗಂಟೆಗೊಂದರಂತೆ ದಿನಕ್ಕೆ 48 ಬ್ಯಾಚ್‌ಗಳು. ಬ್ಯಾಚ್ ಮುಗಿದ ಎರಡು ಗಂಟೆಯೊಳಗೆ ಹಣ ಜಮೆ ಆಗಬೇಕು, ಇಲ್ಲವೇ ವಾಪಸು ಬರಬೇಕು. ತಡವಾದರೆ ಗ್ರಾಹಕರಿಗೆ ರೆಪೊ ದರದ ಮೇಲೆ ಶೇ. 2 ಸೇರಿಸಿ ಬಡ್ಡಿ ಕೊಡಬೇಕೆಂಬ ನಿಯಮವಿದೆ. ಉಳಿತಾಯ ಖಾತೆಯವರು ಮೊಬೈಲ್ ಅಥವಾ ಇಂಟರ್ನೆಟ್ ಮೂಲಕ ಕಳಿಸಿದರೆ ಶುಲ್ಕವಿಲ್ಲ. ಅಂಗಡಿಯ ಚಾಲ್ತಿ ಖಾತೆಗೆ ಶುಲ್ಕ ಇದೆಯೇ ಎಂದು ತಮ್ಮ ಶಾಖೆಯಲ್ಲಿ ಕೇಳಿಕೊಳ್ಳಬೇಕು.

ಆರ್‌ಟಿಜಿಎಸ್: ಕನಿಷ್ಠ 2 ಲಕ್ಷ ರೂಪಾಯಿ. ಮಾಲಿನ ಹಣ, ನಿವೇಶನದ ಹಣ ಮುಂತಾದ ದೊಡ್ಡ ಮೊತ್ತಕ್ಕೆ. ಬ್ಯಾಚ್ ಇಲ್ಲದೆ ಒಂದೊಂದೇ ವ್ಯವಹಾರ ಆಗಿಂದಾಗಲೇ ಇತ್ಯರ್ಥವಾಗುತ್ತದೆ. 2020ರ ಡಿಸೆಂಬರ್ 14ರಿಂದ ಇದೂ 24 ಗಂಟೆ. ಶಾಖೆಯಲ್ಲಿ ಮಾಡಿಸಿದರೆ 5 ಲಕ್ಷದವರೆಗೆ 24.50 ರೂ., ಅದರ ಮೇಲೆ 49.50 ರೂ. ಮೀರದ ಶುಲ್ಕ, ಜೊತೆಗೆ ಜಿಎಸ್‌ಟಿ.

ಐಎಂಪಿಎಸ್: ತಕ್ಷಣ ಮುಟ್ಟುತ್ತದೆ, ಒಂದು ಸಲಕ್ಕೆ 5 ಲಕ್ಷದವರೆಗೆ. ಬ್ಯಾಂಕುಗಳು ತಮ್ಮದೇ ಮಿತಿ ಹಾಕಿರಬಹುದು.

ಯುಪಿಐನಲ್ಲಿ ಫೋನ್ ನಂಬರ್ ಸಾಕಾಗುವುದರಿಂದ ಕೋಡ್‌ನ ನೆನಪೇ ಬರುವುದಿಲ್ಲ. ಆದರೆ ದೊಡ್ಡ ಮೊತ್ತ, ಕಾಲೇಜು ಶುಲ್ಕ, ಷೇರಿನ ಡಿವಿಡೆಂಡ್, ವಿಮೆ ಹಣ ಎಂದಾಗ ಮತ್ತೆ ಅದೇ 11 ಅಕ್ಷರ ಬೇಕು. ವಿದೇಶದ ಬ್ಯಾಂಕಿನಿಂದ ಮಕ್ಕಳು ನೇರವಾಗಿ ಕಳಿಸುವುದಾದರೆ ಸ್ವಿಫ್ಟ್ ಕೋಡ್ ಎಂಬ ಬೇರೆ ಸಂಖ್ಯೆಯನ್ನೂ ಕೇಳುತ್ತಾರೆ. ಅದನ್ನು ಶಾಖೆಯಲ್ಲಿ ಪಡೆಯಬೇಕು.

ನಮ್ಮ ರಾಜ್ಯದವರಿಗೆ ವಿಶೇಷ ಸಮಸ್ಯೆ

ಬ್ಯಾಂಕ್ ವಿಲೀನದಿಂದ ಕೋಡ್ ಬದಲಾದದ್ದು ದೇಶಕ್ಕೆಲ್ಲಾ ಆದ ವಿಚಾರ. ಆದರೆ ಕರ್ನಾಟಕದ ಮನೆಗಳಲ್ಲಿ, ಅದರಲ್ಲೂ ಕರಾವಳಿಯಲ್ಲಿ, ಇದರ ಪರಿಣಾಮ ಹೆಚ್ಚು. ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕು, ಮಂಗಳೂರಿನ ವಿಜಯಾ ಬ್ಯಾಂಕು, ಹಳೆ ಮೈಸೂರಿನ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು, ಇವುಗಳಲ್ಲಿ ಖಾತೆ ಇಲ್ಲದ ಮನೆ ಅಪರೂಪವಾಗಿತ್ತು.

ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರ ಏಪ್ರಿಲ್ 1ರಂದು ಎಸ್‌ಬಿಐಗೆ ಸೇರಿತು. ವಿಜಯಾ ಬ್ಯಾಂಕು 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾಕ್ಕೆ ಸೇರಿ, ಅದರ ಹಳೆ ಕೋಡ್‌ಗಳು 2021ರ ಮಾರ್ಚ್ 1ರಿಂದ ನಿಂತವು. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಕೆನರಾಕ್ಕೂ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿಗೂ ಸೇರಿದವು. ಸಿಂಡಿಕೇಟಿನ ಕೋಡ್ 2021ರ ಜುಲೈ 1ರಿಂದ ನಡೆಯುವುದಿಲ್ಲ. ಅಲ್ಲಿ ಎಸ್-ವೈ-ಎನ್-ಬಿ ಹೋಗಿ ಸಿ-ಎನ್-ಆರ್-ಬಿ ಬಂದಿತು, ಶಾಖೆಯ ಸಂಖ್ಯೆಗೆ 10000 ಕೂಡಿತು. ಹಳೆಯದರಲ್ಲಿ ಅಕ್ಷರಗಳ ನಂತರ 0003687 ಇದ್ದರೆ ಹೊಸದರಲ್ಲಿ 0013687. ಆದರೆ ಈ ಲೆಕ್ಕವನ್ನು ಮನೆಯಲ್ಲಿ ತಾವೇ ಹಾಕಿ ಹಣ ಕಳಿಸಬಾರದು. ಒಂದೇ ಊರಿನ ಎರಡು ಶಾಖೆಗಳನ್ನು ಆಮೇಲೆ ಒಂದು ಮಾಡಿದ್ದರೆ ಕೋಡ್ ಮತ್ತೆ ಬದಲಾಗಿರುತ್ತದೆ. ಖಾತೆ ಸಂಖ್ಯೆ ಹಳೆಯದೇ ಉಳಿದಿದೆಯೇ ಎಂದೂ ವಿಚಾರಿಸಬೇಕು.

2025ರ ಮೇ 1ರಂದು ಧಾರವಾಡದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕು ಮತ್ತು ಬಳ್ಳಾರಿಯ ಕರ್ನಾಟಕ ಗ್ರಾಮೀಣ ಬ್ಯಾಂಕು ಒಂದಾಗಿವೆ. ಉತ್ತರ ಕರ್ನಾಟಕದ ರೈತರು, ವ್ಯಾಪಾರಸ್ಥರು ತಮ್ಮ ಶಾಖೆಯಲ್ಲಿ ಈಗಿನ ಕೋಡ್ ಕೇಳಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಹಳೆ ಕೋಡ್ ಎಲ್ಲೆಲ್ಲಿ ಉಳಿದಿರುತ್ತದೆ?

ಪಾಸ್‌ಬುಕ್ ಬದಲಾಯಿಸಿದರೆ ಕೆಲಸ ಮುಗಿಯಲಿಲ್ಲ. ಅಂಗಡಿಯ ಬಿಲ್ ಪುಸ್ತಕ, ಲೆಟರ್‌ಹೆಡ್, ವಿಮೆ ಪಾಲಿಸಿ, ಮನೆ ಬಾಡಿಗೆ ಕರಾರು, ಡಿಮ್ಯಾಟ್ ಖಾತೆ, ಎಲ್ಲ ಕಡೆ ಹಳೆಯದೇ ಕುಳಿತಿರಬಹುದು. ಹಿರಿಯರ ಹೆಸರಿನ ಷೇರುಗಳಲ್ಲಿ ಇದರ ಪೆಟ್ಟು ದೊಡ್ಡದು. ಡಿವಿಡೆಂಡ್ ಖಾತೆಗೆ ಸೇರದೆ ಹಿಂದಿರುಗಿ, ಕೇಳುವವರಿಲ್ಲದೆ ಏಳು ವರ್ಷ ಉಳಿದರೆ ಆ ಹಣ ಹೂಡಿಕೆದಾರರ ನಿಧಿಗೆ ವರ್ಗವಾಗುತ್ತದೆ. ಸತತ ಏಳು ವರ್ಷ ಹೀಗಾದರೆ ಷೇರುಗಳೂ ಅಲ್ಲಿಗೇ ಹೋಗುತ್ತವೆ. ಮರಳಿ ಪಡೆಯಬಹುದು, ಆದರೆ ಕಾಗದಪತ್ರದ ಓಡಾಟ ಬಹಳ.

ಬಸದಿ, ಟ್ರಸ್ಟ್, ವಿದ್ಯಾರ್ಥಿನಿಲಯಗಳ ಪದಾಧಿಕಾರಿಗಳೂ ಒಮ್ಮೆ ತಮ್ಮ ರಸೀದಿ ಪುಸ್ತಕ, ಆಮಂತ್ರಣ ಪತ್ರಿಕೆ, ಗೋಡೆಯ ಫಲಕ ನೋಡಬೇಕು. ನಗದಾಗಿ 2,000 ರೂಪಾಯಿ ಮೀರಿ ಕೊಟ್ಟ ದೇಣಿಗೆಗೆ ಆದಾಯ ತೆರಿಗೆಯಲ್ಲಿ ರಿಯಾಯಿತಿ ಇಲ್ಲದ್ದರಿಂದ ದಾನಿಗಳು ಬ್ಯಾಂಕಿನ ಮೂಲಕವೇ ಕೊಡಲು ಬಯಸುತ್ತಾರೆ. ಅಂಥವರು ಎರಡು ಸಲ ಕಳಿಸಿ ಆಗದಿದ್ದರೆ ಮೂರನೆಯ ಸಲ ಯತ್ನಿಸುವುದಿಲ್ಲ. ನಮಗೆ ಫೋನ್ ಮಾಡಿಯೂ ಹೇಳುವುದಿಲ್ಲ.

ಕಳಿಸುವಾಗ ಪಾಲಿಸಬೇಕಾದದ್ದು

1. ಕೋಡ್ ಮತ್ತು ಖಾತೆ ಸಂಖ್ಯೆಯನ್ನು ಬಾಯಲ್ಲಿ ಕೇಳಿ ಬರೆಯಬೇಡಿ. ಇತ್ತೀಚಿನ ಚೆಕ್ ಹಾಳೆ ಅಥವಾ ಪಾಸ್‌ಬುಕ್ಕಿನ ಮೊದಲ ಪುಟದ ಫೋಟೊ ತರಿಸಿಕೊಳ್ಳಿ.

2. ಸಂದೇಹವಿದ್ದರೆ ರಿಸರ್ವ್ ಬ್ಯಾಂಕಿನ ಜಾಲತಾಣದಲ್ಲಿ ಅಥವಾ ಆಯಾ ಬ್ಯಾಂಕಿನ ಜಾಲತಾಣದಲ್ಲಿ ನೋಡಿ. ಹುಡುಕಿದಾಗ ಮೊದಲು ಸಿಕ್ಕ ಯಾವುದೋ ಪುಟವನ್ನು ನಂಬಬೇಡಿ, ಅಲ್ಲಿ ಹಳೆಯ ಪಟ್ಟಿ ಇರಬಹುದು.

3. ಹೊಸಬರಿಗೆ ದೊಡ್ಡ ಮೊತ್ತ ಕಳಿಸುವ ಮೊದಲು 1 ರೂಪಾಯಿ ಕಳಿಸಿ, ಮುಟ್ಟಿತೇ ಎಂದು ಫೋನ್ ಮಾಡಿ ಕೇಳಿ.

4. ‘ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಈ ಬಿಲ್ಲಿನ ಹಣ ಇಲ್ಲಿಗೆ ಹಾಕಿ’ ಎಂದು ವಾಟ್ಸಾಪ್ ಅಥವಾ ಇಮೇಲ್ ಬಂದರೆ, ಮೊದಲಿನಿಂದ ಇರುವ ನಂಬರಿಗೆ ಫೋನ್ ಮಾಡಿ ಪಾರ್ಟಿಯ ಜೊತೆ ಮಾತಾಡಿಯೇ ಮುಂದುವರಿಯಿರಿ. ವ್ಯಾಪಾರಸ್ಥರಿಗೆ ಮೋಸವಾಗುವ ದಾರಿ ಇದು.

5. ಯುಟಿಆರ್ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಹಣ ಎಲ್ಲಿದೆ ಎಂದು ಹುಡುಕಲು ಅದೇ ಆಧಾರ.

ತಪ್ಪು ಖಾತೆಗೆ ಹೋದರೆ

ಅದೇ ದಿನ ತಮ್ಮ ಶಾಖೆಗೆ ಯುಟಿಆರ್ ಸಂಖ್ಯೆ ಸಹಿತ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಬೇಕು. ಅವರು ಹಣ ಸೇರಿದ ಬ್ಯಾಂಕನ್ನು ಸಂಪರ್ಕಿಸುತ್ತಾರೆ. ಹಣ ಸೇರಿದ ಖಾತೆದಾರರು ಒಪ್ಪಿದರೆ ಹಣ ಬೇಗ ವಾಪಸಾಗುತ್ತದೆ. ಒಪ್ಪದಿದ್ದರೆ ಕಾನೂನಿನ ದಾರಿ ಹಿಡಿಯಬೇಕಾಗುತ್ತದೆ. ಬ್ಯಾಂಕು 30 ದಿನದಲ್ಲಿ ಉತ್ತರ ಕೊಡದಿದ್ದರೆ ಅಥವಾ ಉತ್ತರ ಸಮಾಧಾನ ತರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಉಚಿತವಾಗಿ ದೂರು ಕೊಡಬಹುದು. ಮಾಹಿತಿಗೆ 14448. ಮೋಸದಿಂದ ಹಣ ಹೋಗಿದ್ದರೆ ಮಾತ್ರ ಮೊದಲು 1930ಕ್ಕೆ ಫೋನ್ ಮಾಡಬೇಕು. ಅಲ್ಲಿ ಪ್ರತಿ ನಿಮಿಷವೂ ಮುಖ್ಯ.

ಮನೆಯಲ್ಲಿ ವಯಸ್ಸಾದ ತಂದೆತಾಯಿ ಇದ್ದರೆ ಈ ಭಾನುವಾರ ಅವರ ಪಾಸ್‌ಬುಕ್ ತೆಗೆದು ನೋಡಿ. ಹಳೆ ಬ್ಯಾಂಕಿನ ಹೆಸರಿದ್ದರೆ ಸೋಮವಾರ ಶಾಖೆಗೆ ಹೋಗಿ ಹೊಸದನ್ನು ಮಾಡಿಸಿ. ಹೊಸ ಕೋಡ್ ಅನ್ನು ದಪ್ಪ ಅಕ್ಷರದಲ್ಲಿ ಬರೆದು ಅದರ ಮೊದಲ ಪುಟಕ್ಕೆ ಅಂಟಿಸಿ. ಅರ್ಧ ದಿನದ ಈ ಕೆಲಸ ಮಾಡಿಟ್ಟರೆ, ಆಸ್ಪತ್ರೆಗೆ ತುರ್ತಾಗಿ ಹಣ ಬೇಕಾದ ರಾತ್ರಿ ಕೋಡ್ ಹುಡುಕುವ ಪ್ರಸಂಗ ಬರುವುದಿಲ್ಲ.