ಎಣ್ಣೆ ಬಂದಾಗ ಕಣ್ಣು ತೆರೆದಿರಲಿ

ಊರಿನಿಂದ ಯಾರಾದರೂ ಮುಂಬಯಿಗೆ ಹೊರಟರೆಂದರೆ ಅವರ ಸಾಮಾನಿನಲ್ಲಿ ಒಂದು ಎಣ್ಣೆಯ ಬಾಟಲಿ ಇದ್ದೇ ಇರುತ್ತದೆ. ಬಾಯಿಗೆ ಪ್ಲಾಸ್ಟಿಕ್ ಚೂರು ಬಿಗಿದು, ಹಳೆಯ ಪತ್ರಿಕೆಯಲ್ಲಿ ಸುತ್ತಿ, ಮೇಲೊಂದು ಸೀರೆಯ ತುಂಡು ಕಟ್ಟಿದ ಆ ಬಾಟಲಿ ಅಮ್ಮನೋ ಅತ್ತೆಯೋ ಕಳಿಸಿದ್ದು. ಗಾಣದ ತೆಂಗಿನೆಣ್ಣೆಗೆ ದಾಸವಾಳ, ಗರುಗ, ಒಂದೆಲಗ, ನೆಲ್ಲಿಕಾಯಿಗಳನ್ನು ಹಾಕಿ ಕಾಸಿದ ಆ ಎಣ್ಣೆಯಲ್ಲಿ ಅರ್ಧ ಮದ್ದು, ಅರ್ಧ ಮಮತೆ. ಅದನ್ನು ಬೇಡವೆನ್ನಲು ಯಾರಿಗೆ ತಾನೇ ಮನಸ್ಸು ಬಂದೀತು?

ಬೇಡವೆನ್ನಬೇಕೆಂದು ನಾವೂ ಹೇಳುವುದಿಲ್ಲ. ಆದರೆ ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಳ್ಳುವುದೆಂಬ ಗಾದೆಯೊಂದು ನಮ್ಮಲ್ಲುಂಟಷ್ಟೆ? ಈ ಊರಿನಲ್ಲಿ ಎಣ್ಣೆ ಬಂದಾಗಲೇ ಕಣ್ಣು ತೆರೆದಿರಬೇಕೆಂಬುದು ನಮಗೆ ಅನುಭವದಿಂದ ತಿಳಿದ ಮಾತು.

ನಮ್ಮ ಮನೆಯ ಕಥೆಯನ್ನೇ ಹೇಳುತ್ತೇವೆ. ಮಗಳು ಡೊಂಬಿವಲಿಯಿಂದ ಮಾಟುಂಗಾದ ಕಾಲೇಜಿಗೆ ದಿನವೂ ಲೋಕಲ್ ಗಾಡಿಯಲ್ಲಿ ಹೋಗಿ ಬರುತ್ತಿದ್ದಳು. ಮಳೆಗಾಲದಲ್ಲಿ ಅವಳ ತಲೆಯಲ್ಲಿ ಹೊಟ್ಟು ಕಾಣಿಸಿತು. "ತಲೆ ಒಣಗಿದೆ, ಎಣ್ಣೆ ಸಾಲದು" ಎಂದು ನಾವೇ ತೀರ್ಮಾನಿಸಿ ದಿನವೂ ರಾತ್ರಿ ನೆತ್ತಿಗೆ ಎಣ್ಣೆ ತಿಕ್ಕಿದೆವು. ಬೆಳಗಾದರೆ ಜಡೆ ಹೆಣೆದು ಗಾಡಿ ಹಿಡಿಯುವ ಅವಸರ. ತಲೆ ತೊಳೆಯುವುದು ಭಾನುವಾರ. ತಿಂಗಳೊಳಗೆ ಹೊಟ್ಟು ಹುಬ್ಬಿಗೆ ಇಳಿಯಿತು, ಹಣೆಯ ತುಂಬ ಮೊಡವೆ ಎದ್ದವು. "ಅಮ್ಮಾ, ಗಾಡಿಯಲ್ಲಿ ಹಿಂದೆ ನಿಂತವರು ನನ್ನ ಹೆಗಲನ್ನೇ ನೋಡುತ್ತಾರೆ" ಎಂದು ಹುಡುಗಿ ಒಂದು ದಿನ ಅತ್ತೇಬಿಟ್ಟಳು. ಆಗ ಚರ್ಮವೈದ್ಯರಲ್ಲಿಗೆ ಕರೆದುಕೊಂಡು ಹೋದೆವು.

ಅವರು ಕೇಳಿದ ಮೊದಲನೆಯ ಪ್ರಶ್ನೆ: "ಎಣ್ಣೆ ಎಷ್ಟು ಹೊತ್ತು ತಲೆಯಲ್ಲಿರುತ್ತದೆ?"

ನಾವು "ವಾರವಿಡೀ" ಎಂದೆವು. ವೈದ್ಯರು ನಕ್ಕರು. ನಮಗೆ ನಾಚಿಕೆಯಾಯಿತು.

ಹೊಟ್ಟಿಗೆ ಎಣ್ಣೆಯೇ ಊಟ

ತಲೆಹೊಟ್ಟು ಒಣಗಿದ್ದರಿಂದ ಬರುವುದೆಂಬುದು ನಮ್ಮಲ್ಲಿ ಬೇರೂರಿದ ನಂಬಿಕೆ. ನಿಜ ಸಂಗತಿ ಬೇರೆ. ಪ್ರತಿಯೊಬ್ಬರ ನೆತ್ತಿಯ ಮೇಲೂ ಮಲಸೀಝಿಯಾ ಎಂಬ ಸೂಕ್ಷ್ಮವಾದ ಶಿಲೀಂಧ್ರ ವಾಸಿಸುತ್ತದೆ. 1874ರಲ್ಲಿ ಇದನ್ನು ವರ್ಣಿಸಿದ ಫ್ರಾನ್ಸಿನ ಮಲಸೇ ಎಂಬವರ ಹೆಸರೇ ಅದಕ್ಕೆ ಬಂದಿದೆ. ಕೊಬ್ಬಿನಂಶವೇ ಅದರ ಆಹಾರ. ಪ್ರಯೋಗಶಾಲೆಗಳಲ್ಲಿ ಇದರ ಕೆಲವು ಜಾತಿಗಳನ್ನು ಬೆಳೆಸುವಾಗ ಮೇಲೊಂದು ಪದರ ಆಲಿವ್ ಎಣ್ಣೆ ಸುರಿಯುತ್ತಾರೆಂದರೆ ವಾಚಕರು ಊಹಿಸಿಕೊಳ್ಳಬಹುದು. ಬೆವರು, ಸೆಕೆ, ಎಣ್ಣೆ ಮೂರೂ ಕೂಡಿದಲ್ಲಿ ಅದು ಹೆಚ್ಚುತ್ತದೆ. ಅದು ಬಿಡುವ ಆಮ್ಲಗಳಿಂದ ಕೆಲವರ ಚರ್ಮ ಕೆರಳಿ ಪದರ ಪದರವಾಗಿ ಉದುರುತ್ತದೆ. ಮುಂಬಯಿಯ ಮಳೆಗಾಲದಲ್ಲಿ ಎಣ್ಣೆಯ ತಲೆಯನ್ನು ತುಂಬಿದ ಗಾಡಿಯಲ್ಲಿ ಒಯ್ಯುವುದೆಂದರೆ ಅದಕ್ಕೆ ಔತಣವಿಟ್ಟಂತೆಯೇ ಸರಿ.

ಆದುದರಿಂದ ಹೊಟ್ಟು ಇರುವಷ್ಟು ದಿನ ನೆತ್ತಿಗೆ ಎಣ್ಣೆ ಬೇಡ. ವೈದ್ಯರು ಕೊಟ್ಟ ಕೀಟೋಕೊನಜೋಲ್ ಷಾಂಪೂವನ್ನು ವಾರಕ್ಕೆ 2 ಸಲ, ಹಚ್ಚಿ 3ರಿಂದ 5 ನಿಮಿಷ ಬಿಟ್ಟು ತೊಳೆದುದರಿಂದ ನಮ್ಮ ಹುಡುಗಿ ತಿಂಗಳೊಳಗೆ ಗುಣವಾದಳು.

ಅರ್ಧವನ್ನು ಊರಲ್ಲೇ ಬಿಟ್ಟು ಬಂದೆವು

ಹಾಗಾದರೆ ನಮ್ಮ ಅಜ್ಜಿಯಂದಿರು ತಿಳಿಗೇಡಿಗಳೇ? ಖಂಡಿತ ಅಲ್ಲ. ಊರಿನ ಎಣ್ಣೆಸ್ನಾನವನ್ನು ನೆನಪಿಸಿಕೊಳ್ಳಿ. ಎಣ್ಣೆ ಹಚ್ಚಿದ ಒಂದೆರಡು ಗಂಟೆಯಲ್ಲಿ ಬಚ್ಚಲಿನ ಹಂಡೆಯ ಬಿಸಿನೀರು, ಸೀಗೆಪುಡಿ ಅಥವಾ ಅಂಟುವಾಳ, ದಾಸವಾಳದ ಎಲೆಯ ಲೋಳೆ. ಅಜ್ಜಿ ನಮ್ಮ ಬೋಳು ಬೆನ್ನಿಗೆ ಒಂದು ಏಟು ಕೊಟ್ಟು, ಎಣ್ಣೆಯ ಜಿಡ್ಡು ಹೋಗುವವರೆಗೆ ತಿಕ್ಕಿ, ಆಮೇಲೆ ಅಂಗಳದ ಬಿಸಿಲಲ್ಲಿ ಕೂರಿಸಿ ಕೂದಲು ಆರಿಸುತ್ತಿದ್ದಳು. ಅಭ್ಯಂಜನವೆಂದರೆ ಹಚ್ಚುವುದು ಅರ್ಧ, ತೆಗೆಯುವುದು ಅರ್ಧ. ಮುಂಬಯಿಗೆ ಬರುವಾಗ ನಾವು ಹಚ್ಚುವ ಅರ್ಧವನ್ನು ಬಾಟಲಿಯಲ್ಲಿ ತುಂಬಿ ತಂದೆವು. ತೆಗೆಯುವ ಅರ್ಧಕ್ಕೆ ಬೇಕಾದ ಹೊತ್ತು, ನೀರು, ಅಂಗಳ ಊರಲ್ಲೇ ಉಳಿದವು. ತಪ್ಪು ಎಣ್ಣೆಯದಲ್ಲ, ಅರ್ಧ ಮರೆತ ನಮ್ಮದು.

ಎಣ್ಣೆಯಿಂದ ಉಪಯೋಗವುಂಟೆಂಬುದಕ್ಕೆ ಈ ಮುಂಬಯಿಯಲ್ಲೇ ನಡೆದ ಒಂದು ಪರೀಕ್ಷೆ ಸಾಕ್ಷಿ. ಮಾರಿಕೊ ಕಂಪೆನಿಯ ಪ್ರಯೋಗಶಾಲೆಯ ರೇಲೆ ಮತ್ತು ಮೊಹಿಲೆ ಎಂಬ ಸಂಶೋಧಕರು ತೆಂಗಿನೆಣ್ಣೆ, ಸೂರ್ಯಕಾಂತಿ ಎಣ್ಣೆ, ಖನಿಜ ತೈಲ ಇವು ಮೂರನ್ನೂ ಕೂದಲಿನ ಮೇಲೆ ಪರೀಕ್ಷಿಸಿ 2003ರಲ್ಲಿ ಫಲಿತಾಂಶ ಪ್ರಕಟಿಸಿದರು. ತೊಳೆದಾಗ, ಬಾಚಿದಾಗ ಕೂದಲಿನಿಂದ ಹೋಗುವ ಪ್ರೋಟೀನಿನ ನಷ್ಟವನ್ನು ಚೆನ್ನಾಗಿ ತಗ್ಗಿಸಿದ್ದು ತೆಂಗಿನೆಣ್ಣೆ ಮಾತ್ರ. ಅದರ ಹೆಚ್ಚುಕಡಿಮೆ ಅರ್ಧ ಪಾಲು ಲಾರಿಕ್ ಆಮ್ಲ. ಅದರ ಅಣು ಚಿಕ್ಕದು, ನೇರವಾದದ್ದು, ಆದುದರಿಂದ ಕೂದಲಿನ ಎಳೆಯೊಳಗೆ ಇಳಿಯುತ್ತದೆ ಎಂಬುದು ಅವರ ವಿವರಣೆ. ತೆಂಗಿನೆಣ್ಣೆ ಮಾರುವವರದೇ ಪರೀಕ್ಷೆಯೆಂಬುದನ್ನು ವಾಚಕರು ನೆನಪಿನಲ್ಲಿಡಬೇಕು. ಇರಲಿ, ಅವರು ಹೇಳಿದ್ದು ಎಳೆಯ ಮಾತು. ಎಣ್ಣೆ ಎಳೆಯನ್ನು ಕಾಪಾಡುತ್ತದೆ. ಹೊಸ ಕೂದಲನ್ನು ಹುಟ್ಟಿಸುವುದೆಂದು ಅಲ್ಲಿ ಹೇಳಿಲ್ಲ.

ಹಚ್ಚುವ ಕ್ರಮ

ರಜೆಯ ದಿನ ಬೆಳಗ್ಗೆ, ಸ್ನಾನಕ್ಕೆ ಒಂದೆರಡು ಗಂಟೆ ಮೊದಲು, ಎರಡು ಮೂರು ಚಮಚ ಎಣ್ಣೆ ಸಾಕು. ನೆತ್ತಿಗಿಂತ ಕೂದಲಿನ ಉದ್ದಕ್ಕೂ ತುದಿಗೂ ಹೆಚ್ಚು ಸವರಿ. ಉಗುರು ತಾಗಿಸದೆ ಬೆರಳ ತುದಿಯಿಂದ ಹಚ್ಚಿ, ಆಮೇಲೆ ಸೀಗೆಯಿಂದಲೋ ಷಾಂಪೂವಿನಿಂದಲೋ ತೊಳೆಯಿರಿ. ಬೋರ್‌ವೆಲ್ಲಿನ ಇಲ್ಲವೆ ಟ್ಯಾಂಕರಿನ ಗಡಸು ನೀರು ಬರುವ ಕಟ್ಟಡಗಳಲ್ಲಿ ಸೋಪಿನಿಂದ ತಲೆ ತೊಳೆಯಬೇಡಿ. ಎಣ್ಣೆಯ ಜೊತೆಗೆ ಸೋಪಿನ ಗಸಿಯೂ ಕೂದಲಿಗೆ ಅಂಟುತ್ತದೆ.

ತೆಂಗಿನೆಣ್ಣೆ ಸುಮಾರು 24 ಡಿಗ್ರಿಗಿಂತ ತಂಪಾದರೆ ಗಟ್ಟಿಯಾಗುತ್ತದೆ. ಅದು ಕಲಬೆರಕೆಯ ಗುರುತಲ್ಲ. ಬಾಟಲಿಯನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟರೆ ಕರಗುವುದು, ಒಲೆಯ ಮೇಲಿಡಬೇಡಿ. ಮನೆಯಲ್ಲಿ ಎಣ್ಣೆ ಕಾಸುವವರು ಸೊಪ್ಪಿನ ನೀರು ಪೂರ್ತಿ ಆರಿ ಚರಚರ ಸದ್ದು ನಿಲ್ಲುವವರೆಗೆ ಸಣ್ಣ ಉರಿಯಲ್ಲಿ ಕಾಸಿ, ಸೋಸಿ, ಒಣಗಿದ ಬಾಟಲಿಗೆ ತುಂಬಿ ದಿನಾಂಕ ಬರೆದಿಡಿ. ನೀರಿನ ಪಸೆ ಉಳಿದರೆ ಬೂಷ್ಟು ಹಿಡಿಯುತ್ತದೆ. ಕಮಟು ವಾಸನೆ ಬಂದ ಎಣ್ಣೆ ದೀಪಕ್ಕೂ ಬೇಡ, ತಲೆಗೂ ಬೇಡ.

ಇನ್ನೊಂದು ಮಾತು. ಎಣ್ಣೆಯ ಕಾಲಿನಿಂದ ಬಚ್ಚಲಿನ ನುಣುಪು ಹಾಸುಗಲ್ಲು ಬಹಳ ಜಾರುತ್ತದೆ. ಮನೆಯಲ್ಲಿ ಹಿರಿಯರಿದ್ದರೆ ನೆಲವನ್ನು ಮೊದಲೂ ಆಮೇಲೂ ಸೋಪು ಹಾಕಿ ತೊಳೆಯಿರಿ.

ಬೇರೆ ಎಣ್ಣೆಗಳು

ಹರಳೆಣ್ಣೆ ಬಹಳ ಅಂಟು. 2017ರಲ್ಲಿ ಕೂದಲಿನ ವೈದ್ಯಶಾಸ್ತ್ರದ ಪತ್ರಿಕೆಯೊಂದರಲ್ಲಿ ನಮ್ಮ ದೇಶದ 20 ವರ್ಷದ ಯುವತಿಯೊಬ್ಬಳ ವಿಷಯ ಪ್ರಕಟವಾಗಿತ್ತು. ಹರಳೆಣ್ಣೆ ತೆಂಗಿನೆಣ್ಣೆ ಬೆರೆಸಿ ಹಚ್ಚಿ ತೊಳೆದಾಗ ಅವಳ ನೀಳ ಕೂದಲು ಹಕ್ಕಿಯ ಗೂಡಿನಂತೆ ಗಂಟುಕಟ್ಟಿ, ಬಿಡಿಸಲಾಗದೆ ಕತ್ತರಿಸಬೇಕಾಯಿತು. ಇಂಥದು ಅಪರೂಪವೆಂಬುದು ನಿಜ. ಆದರೂ ಹರಳೆಣ್ಣೆಯನ್ನು ಸ್ವಲ್ಪವೇ ಬಳಸಿ. ಉತ್ತರದ ನೆರೆಯವರ ಸಾಸಿವೆ ಎಣ್ಣೆ ಖಾರದ ಗುಣದ್ದು. ಸೂಕ್ಷ್ಮ ಚರ್ಮವನ್ನು ಕೆರಳಿಸಬಲ್ಲುದು.

ಈಗಿನ ಹುಡುಗಿಯರು ಮೊಬೈಲಿನಲ್ಲಿ ಕಂಡು ತರಿಸುವ ರೋಸ್‌ಮೆರಿ, ಟೀ ಟ್ರೀ ಮುಂತಾದ ಸುಗಂಧ ತೈಲಗಳು ನಮ್ಮ ಎಣ್ಣೆಗಳಂತಲ್ಲ. ಗಿಡದ ಸಾರವನ್ನು ಭಟ್ಟಿಯಿಳಿಸಿದ ಬಹಳ ತೀಕ್ಷ್ಣ ವಸ್ತುಗಳು. ಇವನ್ನು ಹಾಗೆಯೇ ನೆತ್ತಿಗೆ ಹಾಕಕೂಡದು. ಒಂದು ದೊಡ್ಡ ಚಮಚ ತೆಂಗಿನೆಣ್ಣೆಗೆ ಎರಡು ಮೂರು ಹನಿ ಸಾಕು. ಯಾವ ಹೊಸ ಎಣ್ಣೆಯನ್ನಾದರೂ ಮೊದಲು ಮೊಣಕೈಯ ಒಳಮಡಿಕೆಗೆ ಸವರಿ ಎರಡು ದಿನ ಕಾದು ನೋಡಿ. ತುರಿಕೆ, ಕೆಂಪು ಕಂಡರೆ ಅದು ನಿಮಗಲ್ಲ.

ಅಂಗಡಿಯಲ್ಲಿ ಕೊಳ್ಳುವಾಗ ಚೀಟಿ ಓದಿ. ಮಲ್ಲಿಗೆಯ ಚಿತ್ರವಿದ್ದರೂ ಒಳಗಿರುವುದು ಲಿಕ್ವಿಡ್ ಪ್ಯಾರಾಫಿನ್ ಎಂಬ ಖನಿಜ ತೈಲವಿರಬಹುದು. ಅದು ವಿಷವಲ್ಲ, ಆದರೆ ಗಿಡದ ಎಣ್ಣೆಯೂ ಅಲ್ಲ. ತೆಂಗಿನೆಣ್ಣೆ ಅಡುಗೆಯದೋ ತಲೆಯದೋ ಎಂಬ ತೆರಿಗೆಯ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೂ ಹೋಗಿ, ಬಾಟಲಿ ಚಿಕ್ಕದೆಂಬ ಕಾರಣಕ್ಕೇ ಅದು ತಲೆಯೆಣ್ಣೆಯಾಗದು ಎಂದು 2024ರ ಡಿಸೆಂಬರಿನಲ್ಲಿ ತೀರ್ಪಾಯಿತು. ಅಡುಗೆಗೆಂದು ಮಾರುವ ಶುದ್ಧ ತೆಂಗಿನೆಣ್ಣೆ ತಲೆಗೂ ಸಲ್ಲುತ್ತದೆ.

ಕೂಸಿನ ವಿಷಯದಲ್ಲಿ ಸಲಿಗೆ ಬೇಡ

ಇದನ್ನು ಬಾಣಂತಿಯರಿರುವ ಮನೆಯವರು ದಯವಿಟ್ಟು ಎರಡು ಸಲ ಓದಬೇಕು. ಕೂಸಿನ ನೆತ್ತಿಗೆ ಮೃದುವಾಗಿ ಎಣ್ಣೆ ಸವರಬಹುದು. ಮೆತ್ತಗಿರುವ ನೆತ್ತಿಸುಳಿಯನ್ನು ಒತ್ತಬಾರದು. ಮೂಗಿಗೆ, ಕಿವಿಗೆ ಎಣ್ಣೆ ಬಿಡುವ ಹಳೆಯ ಪದ್ಧತಿ ಸರ್ವಥಾ ಕೂಡದು. ಮೂಗಿನ ಎಣ್ಣೆ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಉಂಟುಮಾಡುತ್ತದೆ. ನಮ್ಮ ದಕ್ಷಿಣ ಭಾರತದ ವೈದ್ಯರೂ ಇಂಥ ಮಕ್ಕಳನ್ನು ಕಂಡಿದ್ದಾರೆ.

ನೆಗಡಿಯೆಂದು ಕರ್ಪೂರ ಕರಗಿಸಿದ ಎಣ್ಣೆಯನ್ನು ಹಸುಳೆಗೆ ಹಚ್ಚಬಾರದು. ಕರ್ಪೂರ ಮಗುವಿನ ಹೊಟ್ಟೆ ಸೇರಿದರೆ, ಸ್ವಲ್ಪವಾದರೂ, ಸೆಳವು ಬರಬಹುದು. ಬೇವಿನೆಣ್ಣೆಯನ್ನು ಕುಡಿಸಬಾರದು, ಮಲೇಷ್ಯಾದಲ್ಲಿ ಹೀಗೆ ಬೇವಿನೆಣ್ಣೆ ಕುಡಿದ ಮಕ್ಕಳ ಮಿದುಳಿಗೂ ಯಕೃತ್ತಿಗೂ ಹಾನಿಯಾದುದನ್ನು 1981ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅಲ್ಲಿನ ವೈದ್ಯರು ಬರೆದರು. ಎಣ್ಣೆಯ ಬಾಟಲಿಗಳೆಲ್ಲ ಮಕ್ಕಳಿಗೆ ಎಟುಕದ ಕಡೆ ಇರಲಿ.

ಶಾಲೆಯಿಂದ ಹೇನು ತಂದ ಮಕ್ಕಳಿಗೆ ಎಣ್ಣೆ ಹಚ್ಚಿ ಸೀರಣಿಗೆಯಿಂದ ಬಾಚಬಹುದು. ಸೀಮೆಎಣ್ಣೆಯನ್ನು ಮಾತ್ರ ತಲೆಗೆ ತಾಗಿಸಬೇಡಿ, ಬೆಂಕಿಯ ಭಯವುಂಟು.

ಎಣ್ಣೆಯಿಂದ ಆಗದ ಕೆಲಸ

ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ. ಡೆಂಗೆ, ಟೈಫಾಯ್ಡ್‌ಗಳಂಥ ಜ್ವರ ಬಿಟ್ಟ ಎರಡು ಮೂರು ತಿಂಗಳಿಗೆ, ಹೆರಿಗೆಯಾದ ಮೂರು ತಿಂಗಳಿಗೆ ಹೆಚ್ಚು ಉದುರಿ, ಸಾಮಾನ್ಯವಾಗಿ ತಾನಾಗಿ ಸರಿಹೋಗುತ್ತದೆ. ಆಗ ಹಚ್ಚುತ್ತಿದ್ದ ಎಣ್ಣೆಗೆ ಕೀರ್ತಿ ಬರುತ್ತದೆ, ಅಷ್ಟೇ. ಕಬ್ಬಿಣದ ಕೊರತೆಯಿಂದಲೂ ಥೈರಾಯ್ಡ್ ದೋಷದಿಂದಲೂ ಕೂದಲು ಹೋಗುವುದುಂಟು. ಅದಕ್ಕೆ ರಕ್ತಪರೀಕ್ಷೆ ಬೇಕು. ದುಂಡಗೆ ಕೂದಲು ಹೋದರೆ, ಕೀವು, ನೋವು ಇದ್ದರೆ ಎಣ್ಣೆ ನಿಲ್ಲಿಸಿ ವೈದ್ಯರಲ್ಲಿಗೆ ಹೋಗಿ. ಮಕ್ಕಳ ತಲೆಯ ಹುಳುಕಡ್ಡಿಗೆ ಹೊಟ್ಟೆಗೆ ಮದ್ದು ಕೊಡಲೇಬೇಕು.

ಊರಿನ ಬಾಟಲಿ ಈಗಲೂ ನಮ್ಮ ಮನೆಗೆ ಬರುತ್ತದೆ. ಮಗಳು ಭಾನುವಾರ ಬೆಳಗ್ಗೆ ಹಚ್ಚಿಕೊಂಡು ಮಧ್ಯಾಹ್ನದೊಳಗೆ ತೊಳೆದುಕೊಳ್ಳುತ್ತಾಳೆ. ಮಾಟುಂಗಾದ ಮಾರುಕಟ್ಟೆಯಿಂದ ಸೀಗೆಪುಡಿ ತರುವ ಕೆಲಸ ನಮ್ಮದು. ಕಳೆದ ನರಕಚತುರ್ದಶಿಯಂದು ಊರಿನಿಂದ ಬಂದ ಅಜ್ಜಿಯೇ ಮೊಮ್ಮಗಳ ನೆತ್ತಿಗೆ ಎಣ್ಣೆಯಿಟ್ಟು ಹರಸಿದರು. ಮರುಕ್ಷಣ, "ಏಳೇ, ನೀರು ಕಾದಿದೆ, ಬೇಗ ತೊಳೆದುಕೋ" ಎಂದು ಗದರಿದವರೂ ಅವರೇ. ಆ ಅರ್ಧವನ್ನು ಅವರು ಮರೆತಿರಲೇ ಇಲ್ಲ.