ಜಲಾಂತರ್ಗಾಮಿಯ ಅಳತೆಗೆ ಒಂದು ವಿಮಾನ

ಕಡಲ ಮೇಲಿನ ಹಡಗುಗಳಿಗೆ ಹೋಲಿಸಿದರೆ ಜಲಾಂತರ್ಗಾಮಿಯ ನೋಟ ಬಹಳ ಕಿರಿದು. ಅದು ನೀರಿನ ಮೇಲೆ ತೇಲುತ್ತಿರುವಾಗಲೂ ಗೋಪುರದಲ್ಲಿ ನಿಂತ ಕಾವಲುಗಾರನ ಕಣ್ಣು ಅಲೆಗಳಿಂದ ಐದಾರು ಮೀಟರ್ ಎತ್ತರದಲ್ಲಷ್ಟೇ ಇರುತ್ತದೆ. ಅಲ್ಲಿಂದ ದಿಗಂತ ಎಂಟೊಂಬತ್ತು ಕಿಲೋಮೀಟರ್ ದೂರ. ಅದೇ ಮನುಷ್ಯನನ್ನು 300 ಮೀಟರ್ ಮೇಲಕ್ಕೆ ಏರಿಸಿ ನೋಡಿ, ದಿಗಂತ 60 ಕಿಲೋಮೀಟರ್ ಆಚೆಗೆ ಸರಿಯುತ್ತದೆ. ಹಾಗಾದರೆ ಜಲಾಂತರ್ಗಾಮಿಯೇ ಒಂದು ವಿಮಾನವನ್ನು ಹೊತ್ತೊಯ್ದರೆ?

1920ರ ದಶಕದ ಕೊನೆಗೆ ಇಟಲಿಯ ನೌಕಾಪಡೆ ಈ ಪ್ರಶ್ನೆಗೆ ಉಕ್ಕಿನಲ್ಲಿ ಉತ್ತರ ಕಟ್ಟಲು ಹೊರಟಿತು. ಟರಾಂಟೊದಲ್ಲಿ ಸಿದ್ಧವಾಗುತ್ತಿದ್ದ ದೊಡ್ಡ ಜಲಾಂತರ್ಗಾಮಿ 'ಎತ್ತೋರೆ ಫಿಯೆರಾಮೋಸ್ಕಾ'ದ ಗೋಪುರದ ಹಿಂಬದಿಗೆ ನೀರು ನುಗ್ಗದ ಒಂದು ಹ್ಯಾಂಗರ್ ಕೂರಿಸುವ ಯೋಜನೆ ಅದು. ಆ ಹೆಸರು 1503ರಲ್ಲಿ ಬಾರ್ಲೆಟ್ಟಾದಲ್ಲಿ ಫ್ರೆಂಚ್ ಯೋಧರ ಸವಾಲನ್ನು ಎದುರಿಸಿ ಗೆದ್ದ ಇಟಾಲಿಯನ್ ವೀರನದು. ಹ್ಯಾಂಗರಿಗೆ ಬೇಕಾದ ಪುಟ್ಟ ವಿಚಕ್ಷಣ ವಿಮಾನಕ್ಕಾಗಿ ಎರಡು ಕಂಪನಿಗಳು ಮುಂದೆ ಬಂದವು. ಮಾಕ್ಕಿ ಕಂಪನಿ ಎಂ.53 ಕಟ್ಟಿತು. ಪಿಯಾಜೊ ಕಂಪನಿ ಪಿ.8 ಕಟ್ಟಿತು. ನಮ್ಮ ಊರುಗಳಲ್ಲಿ ಓಡಾಡುವ 'ಆಪೆ' ಗಾಡಿಗಳ ಮೇಲಿರುವುದು ಇದೇ ಪಿಯಾಜೊ ಹೆಸರು. ವೆಸ್ಪಾ ಸ್ಕೂಟರಿಗೂ ಮುಂಚೆ ಅದು ವಿಮಾನದ ಕಂಪನಿಯಾಗಿತ್ತು.

1928ರ ಪಿ.8 ನೋಡಲು ಸರಳ. ಒಬ್ಬನೇ ಪೈಲಟ್, ಒಡಲಿನ ಮೇಲೆ ಕೊಡೆಯಂತೆ ಎತ್ತಿ ನಿಲ್ಲಿಸಿದ ಒಂದೇ ರೆಕ್ಕೆ, ಗಾಲಿಗಳ ಜಾಗದಲ್ಲಿ ನೀರಿನ ಮೇಲೆ ತೇಲಲು ಎರಡು ಉದ್ದನೆಯ ತೆಪ್ಪಗಳು. ಎಂಜಿನ್ ಇಂಗ್ಲೆಂಡಿನ ಸಿರಸ್, ಸುಮಾರು 75 ಅಶ್ವಶಕ್ತಿ. ಆ ಕಾಲದ ಹವ್ಯಾಸಿಗಳ ಮಾತ್ ವಿಮಾನಗಳಿಗೂ ಇದೇ ಬಗೆಯ ಎಂಜಿನ್. ಯುದ್ಧ ವಿಮಾನಕ್ಕೆ ಇಷ್ಟು ಸಣ್ಣ ಎಂಜಿನ್ ಸಾಕೇ ಎಂದು ಕೇಳಬಹುದು. ಆದರೆ ಇಲ್ಲಿ ವೇಗಕ್ಕಾಗಲಿ ಬಂದೂಕಿಗಾಗಲಿ ಮೊದಲ ಸ್ಥಾನವಿರಲಿಲ್ಲ. ವಿಮಾನದ ಪ್ರತಿ ಅಂಗವೂ ಬಿಚ್ಚಿ ಬರಬೇಕು, ಉರುಳೆಯಾಕಾರದ ಹ್ಯಾಂಗರಿನೊಳಗೆ ಹಿಡಿಸಬೇಕು, ತೂಗಾಡುವ ಡೆಕ್ಕಿನ ಮೇಲೆ ಬೇಗನೆ ಮತ್ತೆ ಜೋಡಣೆಯಾಗಬೇಕು. ಇಂಥ ಕಟ್ಟುಪಾಡಿನೊಳಗೆ ಹಾರುವ ಯಂತ್ರವೊಂದನ್ನು ಕಟ್ಟಿದ್ದು ಸಣ್ಣ ಸಾಧನೆಯೇನಲ್ಲ. ವಿಮಾನ ಚರಿತ್ರೆಯ ಪುಸ್ತಕಗಳು ಪಿ.8ಕ್ಕೆ ನಾಲ್ಕು ಸಾಲು ಕೊಟ್ಟು ಮುಂದೆ ಸಾಗುವುದನ್ನು ನೋಡಿದರೆ ನನಗೆ ಬೇಸರವಾಗುತ್ತದೆ.

ತೊಡಕು ಇದ್ದದ್ದು ಜಲಾಂತರ್ಗಾಮಿಯ ಬದುಕಿನಲ್ಲೇ. ಅದರ ರಕ್ಷಣೆಯೆಲ್ಲ ಮುಳುಗಿ ಮರೆಯಾಗುವುದರಲ್ಲಿದೆ. ವಿಮಾನವನ್ನು ಹೊರತೆಗೆದು, ರೆಕ್ಕೆ ಜೋಡಿಸಿ, ನೀರಿಗಿಳಿಸುವಷ್ಟು ಹೊತ್ತೂ ಅದು ಬಟಾಬಯಲಲ್ಲಿ ನಿಂತಿರಬೇಕು. ಪೈಲಟ್ ಹಿಂದಿರುಗಿದ ಮೇಲೆ ಅದೇ ಕೆಲಸ ತಿರುವುಮುರುವಾಗಿ ನಡೆಯಬೇಕು. ಅಷ್ಟರಲ್ಲಿ ಶತ್ರು ಕಾಣಿಸಿಕೊಂಡರೆ ಕಪ್ತಾನನ ಮುಂದೆ ಎರಡೇ ದಾರಿ: ಹಡಗನ್ನು ಅಪಾಯಕ್ಕೊಡ್ಡುವುದು, ಇಲ್ಲವೇ ವಿಮಾನವನ್ನೂ ಅದರಲ್ಲಿರುವವನನ್ನೂ ಬಿಟ್ಟು ಮುಳುಗುವುದು. ಸಾಲದ್ದಕ್ಕೆ ಹ್ಯಾಂಗರಿನ ಬಾಗಿಲು ಎಂದರೆ ಕಡಲು ಒಳನುಗ್ಗಲು ಇನ್ನೊಂದು ಹಾದಿ.

1931ರಲ್ಲಿ ಫಿಯೆರಾಮೋಸ್ಕಾದ ಹ್ಯಾಂಗರನ್ನು ಕಿತ್ತುಹಾಕಿ ಯೋಜನೆಯನ್ನೇ ಕೈಬಿಟ್ಟರು. ಪಿ.8 ಆಗಲಿ, ಎಂ.53 ಆಗಲಿ ಆ ಜಲಾಂತರ್ಗಾಮಿಯಿಂದ ಒಮ್ಮೆಯೂ ಹಾರಲಿಲ್ಲ. ಮರುವರ್ಷ, 1932ರ ಜನವರಿ 26ರಂದು, ಪಾರ್ನಲ್ ಪೀಟೊ ಎಂಬ ಇಂಥದ್ದೇ ಪುಟ್ಟ ವಿಮಾನವನ್ನು ಹೊತ್ತಿದ್ದ ಬ್ರಿಟನ್ನಿನ ಎಂ2 ಜಲಾಂತರ್ಗಾಮಿ ಪೋರ್ಟ್‌ಲ್ಯಾಂಡ್ ಬಳಿ ಮುಳುಗಿ, ಅದರಲ್ಲಿದ್ದವರೆಲ್ಲ ಸತ್ತರು. ಮುಳುಗುಗಾರರು ಕೆಳಗಿಳಿದು ನೋಡಿದಾಗ ಹ್ಯಾಂಗರಿನ ಬಾಗಿಲು ತೆರೆದೇ ಇತ್ತು. ಬ್ರಿಟನ್ ಆಮೇಲೆ ಆ ಪ್ರಯೋಗಕ್ಕೆ ಕೈ ಹಾಕಲಿಲ್ಲ.

ಆದರೆ ಜಪಾನ್ ಪಟ್ಟು ಬಿಡಲಿಲ್ಲ. 1942ರ ಸೆಪ್ಟೆಂಬರ್ 9ರಂದು ಐ-25 ಜಲಾಂತರ್ಗಾಮಿಯಿಂದ ಹಾರಿದ ನೊಬುವೊ ಫುಜಿತಾ, ಅಮೆರಿಕದ ಒರೆಗಾನ್ ಕಾಡಿನ ಮೇಲೆ ಬೆಂಕಿಬಾಂಬು ಹಾಕಿ ತನ್ನ ಹಡಗಿಗೆ ಸುರಕ್ಷಿತವಾಗಿ ಮರಳಿದ. ಅವನ ವಿಮಾನವೂ ಎರಡು ತೆಪ್ಪಗಳ ಮೇಲೆ ಇಳಿಯುವಂಥದ್ದು, ಹ್ಯಾಂಗರಿಗಾಗಿ ಬಿಚ್ಚಿಡುವಂಥದ್ದು. ಅಷ್ಟೊತ್ತಿಗೆ ಫಿಯೆರಾಮೋಸ್ಕಾ ಕಾರ್ಯಾಚರಣೆಯಿಂದ ನಿವೃತ್ತವಾಗಿ ಒಂದು ವರ್ಷ ಕಳೆದಿತ್ತು.